ಏಳು ಸೆಕೆಂಡಿನ ನಗು

ಕ್ರಿ.ಶ. ೨೩೪೬, ಮೂರನೆಯ ಮಳೆಗಾಲದ ಹದಿನೇಳನೆಯ ದಿನ

ತಾಯಿಯ ಹಾಲಿನೊಡನೆ ಬಂದ ಮಾತಿನಲ್ಲಿ ಮಾತ್ರ ಸುಳ್ಳು ಹೇಳಲಾಗುವುದಿಲ್ಲ ಎಂದೋ, ಅದಕ್ಕೆ ಹತ್ತಿರದ್ದೇನೋ ನಿಮ್ಮ ಧ್ವನಿಮುದ್ರಣದಲ್ಲಿ ನೀವು ಹೇಳಿದ್ದಿರಿ, ಮರ್ಸೆಲಿನ್ ಅಜ್ಜಿ. ಅದನ್ನು ಕನ್ನಡದಲ್ಲಿ ಹೇಳಿದ್ದಿರಿ. ಹತ್ತು ತಲೆಮಾರು ಆಚೆಯಿಂದ ಬರೆಯುತ್ತಿದ್ದೇನೆ. ನನ್ನ ಕನ್ನಡ ಕಲಿತದ್ದು, ವಾಕ್ಯಗಳು ವಿಚಿತ್ರವೆನಿಸಿದರೆ ಮನ್ನಿಸಿ.

ನಮ್ಮ ಊರು ನೀರಿನ ಮೇಲಿದೆ. ಮನೆಗಳನ್ನು ಹಗ್ಗದಿಂದ ಒಂದಕ್ಕೊಂದು ಕಟ್ಟಿರುತ್ತೇವೆ. ನೆರೆಯವರೊಡನೆ ಜಗಳವಾದರೆ ಗಂಟು ಬಿಚ್ಚಿ ಬೇರೆ ಕಡೆ ಹೋಗುತ್ತೇವೆ. ಆಡುವುದು ತೇಲುನುಡಿ, ಅಂದರೆ ಎಲ್ಲೆಲ್ಲಿಂದಲೋ ಬಂದವರು ಸೇರಿ ಮಾಡಿಕೊಂಡ ಮಾತು. ಅದರಲ್ಲಿ ಕವಿತೆ ಬರೆಯಬಾರದೆಂದು ಯಾರೂ ಹೇಳಿಲ್ಲ. ಯಾರಿಗೂ ತೋಚಿಲ್ಲ, ಅಷ್ಟೆ. ಹದಿನೆಂಟು ತುಂಬಿದಾಗ ಪ್ರತಿಯೊಬ್ಬರೂ ಒಂದು ಬೇರುನುಡಿಯನ್ನು, ಅಂದರೆ ಹಿರಿಯರ ಮಾತನ್ನು, ಆರಿಸಿಕೊಳ್ಳಬೇಕು. ಅದರಲ್ಲಿ ಬರೆದದ್ದನ್ನು ಮಾತ್ರ ಊರಿನ ದಾಖಲೆಗಳ ಕಣಜ ಕಾಯ್ದಿಡುತ್ತದೆ. ನಮ್ಮ ಮನೆತನದಲ್ಲಿ ಕವಿತೆ ಬರೆದವರು ನೀವೊಬ್ಬರೇ. ನಿಮ್ಮ ಧ್ವನಿಮುದ್ರಣ ಕೇಳಿ ಕನ್ನಡ ಆರಿಸಿದೆ. ಮೂವತ್ತು ವರ್ಷ ಅದರಲ್ಲೇ ಕವಿತೆ ಬರೆದೆ, ನಿಮಗೆಂದು ಗಟ್ಟಿಯಾಗಿ ಓದಿದೆ.

ಬಲೆ ಸರಿಮಾಡುತ್ತ ಅವ್ವ ಒಮ್ಮೆ ತೇಲುನುಡಿಯಲ್ಲಿ ಅಂದಳು: "ಅಷ್ಟು ದೂರದ ಸತ್ತೋರಿಗೆ ಓದ್ತೀಯಲ್ಲೋ, ನಾನು ಇಲ್ಲೇ ಕೂತಿದೀನಿ." ಹಿರಿಯರ ಮನೆಗೆ ಹೋಗುವ ದಾರಿ ಈ ಕನ್ನಡ ಎಂದೆ. ಅವಳು ನಕ್ಕು, ಬಲೆಯ ಇನ್ನೊಂದು ತುದಿಯನ್ನು ನನ್ನ ಕೈಗೆ ಕೊಟ್ಟಳು. ಕಳೆದ ಮಳೆಗಾಲ ತೀರಿಕೊಂಡಳು. ನನ್ನ ಒಂದು ಸಾಲೂ ಅವಳಿಗೆ ತಿಳಿದಿರಲಿಲ್ಲ.

ಆಮೇಲೆ ಕಣಜದಲ್ಲಿ ನಿಮ್ಮ ಮುದ್ರಣದ ಕತ್ತರಿಸದ ಪ್ರತಿ ಸಿಕ್ಕಿತು. ಎರಡನೆಯ ಕವಿತೆಯ ನಡುವೆ ಒಳಗಿನಿಂದ ಒಬ್ಬ ಮುದುಕಿ ಏನೋ ಕೂಗುತ್ತಾಳೆ. ನೀವು ಓದು ನಿಲ್ಲಿಸಿ "ಯೆತಾಂ, ಮಾಂಯ್" ಎಂಬಂತೆ ಏನೋ ಹೇಳಿ, ಏಳು ಸೆಕೆಂಡು ನಗುತ್ತೀರಿ. ಅದು ಕನ್ನಡವಲ್ಲ. ಕನ್ನಡದಲ್ಲಿ ನೀವು ಒಮ್ಮೆಯೂ ಹಾಗೆ ನಕ್ಕಿಲ್ಲ. ಹಾಲಿನೊಡನೆ ನಿಮಗೆ ಬಂದ ಮಾತು ಅದೇ ಇರಬೇಕು. ಯಾವ ನುಡಿಯೆಂದು ಹೇಳಬಲ್ಲವರು ಇಲ್ಲಿ ಉಳಿದಿಲ್ಲ. ಕಣಜದ ಪಟ್ಟಿಯಲ್ಲಿ ಅದರೆದುರು 'ಗದ್ದಲ' ಎಂದಿದೆ.

ನೀವು ನನ್ನನ್ನು ಮೂವತ್ತು ವರ್ಷ ಜಗಲಿಯಲ್ಲೇ ಕೂರಿಸಿದಿರಿ. ಒಳಗೆ ಇನ್ನೊಂದು ಮನೆಯಿತ್ತು, ಹೇಳಲಿಲ್ಲ. ಕವಿತೆಗಳು ಚೆನ್ನಾಗಿದ್ದವು, ನನ್ನ ದೂರೂ ಅದೇ. ದೂರಲು ನನಗಿರುವುದೂ ನಿಮ್ಮಿಂದ ಕಲಿತ ಮಾತೇ.

ಅವ್ವನ ಬಲೆ ಈಗಲೂ ಗೋಡೆಯ ಮೇಲಿದೆ, ಅರ್ಧ ಸರಿಮಾಡಿದ್ದು. ನಿನ್ನೆ ಅದರ ಕೆಳಗೆ ಕೂತು ತೇಲುನುಡಿಯಲ್ಲಿ ಒಂದು ಸಾಲು ಬರೆಯಲು ಹೊರಟೆ, ಕೈಗೆ ಬರಲಿಲ್ಲ. ಅದಕ್ಕೇ ಕೇಳುತ್ತಿದ್ದೇನೆ, ಅಜ್ಜಿ. ಒಳಗಿನಿಂದ ಕೂಗಿದ ಆ ಮುದುಕಿಗೆ ನಿಮ್ಮ ಒಂದು ಕವಿತೆಯನ್ನಾದರೂ ಅವಳಿಗೆ ತಿಳಿಯುವ ಹಾಗೆ ಹೇಳಿದ್ದಿರಾ?