ಇನ್ನೊಂದು ಕಂಸ

ಬಟ್ಟೆ ಮಡಿಸುವ ಮೇಜಿನಿಂದ,
ಸೋಮವಾರ ಮಧ್ಯಾಹ್ನ

ಪ್ರೀತಿಯ ಯಜಮಾನರಿಗೆ,

ಪ್ರೀತಿಯ ಅಂತ ಕೈ ರೂಢಿಗೆ ಬರೆದುಬಿಟ್ಟಿತು, ಇರಲಿ. ಆರೋಗ್ಯವೇ? ತರಬೇತಿಯ ಊರಿನ ನೀರು ಹೊಟ್ಟೆಗೆ ಒಗ್ಗಿತೇ? ಅತ್ತೆಯ ಮಂಡಿನೋವು ಕಡಿಮೆ, ಬಾಯಿ ಜೋರು. ಫೋನ್ ಮಾಡಿದರೆ ಅವರು ಪಕ್ಕದಲ್ಲೇ ಇರುತ್ತಾರೆ, ಅದಕ್ಕೇ ಈ ಕಾಗದ. ನಾಳೆ ಆ ಕಡೆ ಬರುವ ನಾದಿನಿಯ ಕೈಲಿ ಕಳಿಸುತ್ತಿದ್ದೇನೆ. ನನ್ನ ಕೈ ಮೊಣಕೈವರೆಗೆ ಇನ್ನೂ ನೀಲಿ. ಹೋಟೆಲಿನ ಪರದೆಗಳಲ್ಲಿ ನಿಲ್ಲದ ಬಣ್ಣ ನನ್ನ ಕೈಯಲ್ಲಿ ಮಾತ್ರ ಗಟ್ಟಿಯಾಗಿ ನಿಂತಿದೆ ನೋಡಿ.

ನಡೆದದ್ದನ್ನು ನೀವು ನನ್ನ ಬಾಯಿಂದ ಕೇಳಿಲ್ಲ. ಬಣ್ಣ ಕಚ್ಚಿಸುವ ಹೊಸ ಪುಡಿ ಎಷ್ಟು ಬಟ್ಟಲು ಹಾಕಬೇಕೆಂದು ಹೊರಡುವ ಗಡಿಬಿಡಿಯಲ್ಲಿ ನೀವೇ ನಮ್ಮ ಬಣ್ಣದ ತೊಟ್ಟಿಯ ಮೇಲಿನ ಗೋಡೆಗೆ ಸೀಮೆಸುಣ್ಣದಲ್ಲಿ ಬರೆದಿರಿ: 24 ÷ 2(1+2). ಕಂಸದೊಳಗೆ ಮೂರು, ಅದಕ್ಕೆ ಅಂಟಿದ ಎರಡರಿಂದ ಗುಣಿಸಿದರೆ ಆರು, ಇಪ್ಪತ್ತನಾಲ್ಕನ್ನು ಆರರಿಂದ ಭಾಗಿಸಿದರೆ ನಾಲ್ಕು. ಹೊಸ ಪುಡಿ, ಕಡಕ್ಕಾಗಿರಬೇಕು ಅಂದುಕೊಂಡು ನಾಲ್ಕೇ ಬಟ್ಟಲು ಹಾಕಿದೆ. ಮೊದಲ ಒಗೆತಕ್ಕೇ ನೀಲಿ ಬಿಟ್ಟು, ಹೋಟೆಲಿನವರ ಬಿಳಿ ಹೊದಿಕೆಗಳೂ ಹಾಳಾದವು. ಮ್ಯಾನೇಜರು ಗಂಟು ತಂದು ನಮ್ಮ ಮುಂದೆ ಎಸೆದರು.

ಅತ್ತೆ ನಿಮಗೆ ಫೋನ್ ಮಾಡಿ ಸ್ಪೀಕರ್ ಹಾಕಿದರು. ನೀವು ನನ್ನ ಪರ ನಿಲ್ಲುತ್ತೀರೆಂದು ನಾನು ನಿಶ್ಚಿಂತೆಯಾಗಿದ್ದೆ. ನೀವು ಹೇಳಿದ್ದೇನು? "ಇಪ್ಪತ್ನಾಲ್ಕು ಕಿಲೋ ಬಟ್ಟೆ, ಎರಡು ಕಿಲೋಗೆ ಮೂರು ಬಟ್ಟಲು ಕಣಮ್ಮ, ಅದ್ದೋಕೆ ಮುಂಚೆ ಒಂದು, ಆಮೇಲೆ ಎರಡು. ಎಡದಿಂದ ಬಲಕ್ಕೆ ಹೋದ್ರೆ ಮೂವತ್ತಾರು, ಸ್ಕೂಲ್ ಮಕ್ಳಿಗೂ ಗೊತ್ತು. ಅವಳಿಗೆ ಲೆಕ್ಕ ತಲೆಗೆ ಹತ್ತಲ್ಲ, ತೊಟ್ಟಿ ಹತ್ರ ಬಿಡ್ಬೇಡ."

ಅಲ್ಲಾ ರೀ, ಎರಡು ಕಿಲೋಗೆ ಮೂರು ಅನ್ನುವುದು ನಿಮ್ಮ ತಲೆಯಲ್ಲಿತ್ತು, ಗೋಡೆಯ ಮೇಲಿತ್ತೇ? ಮದುವೆಯಾದ ಹೊಸದರಲ್ಲಿ ಇದೇ ತೊಟ್ಟಿಯ ಪಕ್ಕ ಕೂರಿಸಿಕೊಂಡು, "ಮಧ್ಯೆ ಗುರುತಿಲ್ಲ ಅಂದ್ರೆ ಅವೆರಡೂ ಅಂಟ್ಕೊಂಡಿವೆ ಅಂತ, ಅದನ್ನ ಮೊದ್ಲು ಮುಗಿಸು" ಎಂದು ಕಲಿಸಿದವರು ಯಾರು? ಅಂದಿನಿಂದ ನೀವು ಬರೆದದ್ದೆಲ್ಲ ಹಾಗೆಯೇ, ನಾನು ಓದಿದ್ದೂ ಹಾಗೆಯೇ. ಒಂದು ಬಟ್ಟೆಯೂ ಕೆಟ್ಟಿಲ್ಲ. ಮೊನ್ನೆ ಅಂಗಡಿಯ ಕ್ಯಾಲ್ಕುಲೇಟರಿಗೆ ಒತ್ತಿದರೆ ಮೂವತ್ತಾರು ಅಂದಿತು, ನಾದಿನಿಯ ಕಾಲೇಜಿನದು ನಾಲ್ಕು ಅಂದಿತು. ಯಂತ್ರಗಳಿಗೇ ಒಮ್ಮತವಿಲ್ಲ, ತಲೆ ಇಲ್ಲದವಳು ಮಾತ್ರ ನಾನು! ನೀವು ಬೈದಿದ್ದರೆ ಸಹಿಸುತ್ತಿದ್ದೆ. "ನಾನೇ ಹಾಗೆ ಕಲಿಸಿದ್ದು" ಎಂಬ ಒಂದು ಮಾತನ್ನು ನುಂಗಿಕೊಂಡಿರಲ್ಲ, ಅದನ್ನು ಮಾತ್ರ ಸಹಿಸಲಾರೆ. ಈಗ ನನಗೆ ಬಟ್ಟೆ ಹಿಂಡುವುದು, ಮಡಿಸುವುದು ಅಷ್ಟೇ ಕೆಲಸ. ಬಣ್ಣದ ಕೋಣೆಯ ಬೀಗದ ಕೈ ಅತ್ತೆಯ ಸೊಂಟದಲ್ಲಿದೆ.

ಹೊತ್ತುಹೊತ್ತಿಗೆ ಊಟ ಮಾಡಿ. ಅತ್ತೆಯ ಆಶೀರ್ವಾದ ನಿಮಗೆ ಇದ್ದೇ ಇದೆ.

ಇಂತಿ,
ಲೆಕ್ಕ ಬರದ ನಿಮ್ಮವಳು

ಮರೆತಿದ್ದೆ: ಪರದೆ, ಹೊದಿಕೆ ಎಲ್ಲ ಸೇರಿಸಿ ಇನ್ನೊಮ್ಮೆ ಅದ್ದಿಕೊಡಲು ಮ್ಯಾನೇಜರು ಶುಕ್ರವಾರದವರೆಗೆ ಬಿಟ್ಟಿದ್ದಾರೆ. ಎರಡನೇ ಸಲ ಅದ್ದುವುದಕ್ಕೆ ಪುಡಿಯ ಅಳತೆಯೇ ಬೇರೆಯಂತೆ, ಅದಕ್ಕೆ ನೀವು ಅತ್ತೆಯ ಫೋನಿಗೆ ಕಳಿಸಿದ ಲೆಕ್ಕ ನೋಡಿದೆ: 30 ÷ 5(1+2). ಈ ಸಲವೂ ಇನ್ನೊಂದು ಕಂಸ ಹಾಕಿಲ್ಲ! ಎರಡು ಬಟ್ಟಲೋ, ಹದಿನೆಂಟೋ? ಬರೆದದ್ದು ನನಗೆ ಕಲಿಸಿದ ಗಂಡನೋ, ಸ್ಪೀಕರಿನಲ್ಲಿ ಮಾತಾಡಿದ ಗಂಡನೋ? ಅತ್ತೆ ಕೊನೆಗೆ ನನ್ನನ್ನೇ ಕೇಳಿದರು. "ನಂಗೆ ಲೆಕ್ಕ ತಲೆಗೆ ಹತ್ತಲ್ಲ ಅತ್ತೆ" ಅಂದೆ. ತೊಟ್ಟಿಯ ಒಲೆ ಇನ್ನೂ ಹಚ್ಚಿಲ್ಲ. ಫೋನ್ ಮಾಡಿ, ಸ್ಪೀಕರ್ ಹಾಕಿಸಿ, ಕಲಿಸಿದವರು ಯಾರೆಂದು ಹೇಳಿ. ಅದು ಮೊದಲು. ಬಟ್ಟಲಿನ ಲೆಕ್ಕ ಆಮೇಲೆ.