ಬೆಳಗಿನ ಸಿರಪ್, ಮಧ್ಯಾಹ್ನದ ಸಿರಪ್

ಸಿಂಗಸಂದ್ರ,
ಗುರುವಾರ

ಪ್ರೀತಿಯ ಅಂಬರೀಶ್ ಮಾವನಿಗೆ,

ಹೀಗೆ ಪತ್ರ ಬರೆದು, ಫೋಟೊ ತೆಗೆದು ಕಳಿಸುತ್ತಿರುವುದಕ್ಕೆ ಸಾರಿ. ಫೋನ್ ಮಾಡಿದರೆ ನೀವು ಯಾವುದೋ ಕ್ಲಿನಿಕ್ಕಿನ ಹೊರಗೆ ಕಾಯುತ್ತಿರುತ್ತೀರಿ. "ಡಾಕ್ಟರ್ ಕರೆದ್ರು ಪುಟ್ಟಿ, ಆಮೇಲೆ ಮಾಡ್ತೀನಿ" ಎನ್ನುತ್ತೀರಿ. ಅಷ್ಟರಲ್ಲಿ ನಾನೂ "ಊಟ ಆಯ್ತು, ಎಲ್ಲ ಫೈನ್" ಎಂದಿರುತ್ತೇನೆ. ಚಿಕ್ಕಂದಿನಿಂದ ಹಾಸ್ಟೆಲಿನಲ್ಲಿ ಬೆಳೆದವಳಿಗೆ ಹಾಗೆನ್ನುವುದು ಅಭ್ಯಾಸ. ನನ್ನ ಕನ್ನಡ ಎಡವಿದರೆ ನಗಬೇಡಿ.

ಎಲ್ಲ ಫೈನ್ ಇಲ್ಲ ಮಾವ. ಫಾರ್ಮಸಿ, ಬಿಸಿನೆಸ್ ಎರಡನ್ನೂ ಒಟ್ಟಿಗೆ ಓದುವ ಈ ಕೋರ್ಸ್ ಹುಡುಕಿದವರು ನೀವು. ಅಪ್ಪ "ಒಂದನ್ನೇ ನೆಟ್ಟಗೆ ಓದ್ಲಿ ಬಿಡು" ಎಂದಾಗ, "ಭಾವ, ಔಷಧಿ ಗೊತ್ತಿರೋರಿಗೆ ಮಾರೋಕೆ ಬರಲ್ಲ, ಮಾರೋರಿಗೆ ಔಷಧಿ ಗೊತ್ತಿರಲ್ಲ. ಇವಳು ಎರಡೂ ಕಲೀಲಿ" ಎಂದಿರಿ. ಮೆಡಿಕಲ್ ರೆಪ್ ಆಗಿ ಇಷ್ಟು ವರ್ಷ ಪೀಣ್ಯದ ಧೂಳು ಕುಡಿದ ನಿಮ್ಮ ಮಾತನ್ನು ಯಾರು ತಳ್ಳಿಹಾಕುತ್ತಾರೆ?

ಹೋದ ವಾರ ಬೆಳಿಗ್ಗೆ ಲ್ಯಾಬಿನಲ್ಲಿ ಕೆಮ್ಮಿನ ಸಿರಪ್ ಮಾಡಿದೆವು. ಬಾಟಲಿಯ ಲೇಬಲನ್ನೂ ನಾವೇ ಬರೆಯಬೇಕು. ತಲೆಯಲ್ಲಿ ಹಿಂದಿನ ದಿನದ ಮಾರ್ಕೆಟಿಂಗ್ ಪಾಠವಿತ್ತು. "ಒಂದೇ ಗುಟುಕಿಗೆ ಆರಾಮ" ಎಂದು ದೊಡ್ಡದಾಗಿ ಬರೆದುಬಿಟ್ಟೆ. ಶಶಿಕಲಾ ಮೇಡಂ ಬಾಟಲಿ ಎತ್ತಿ ಹಿಡಿದು, "ಏನಮ್ಮ, ಸಿರಪ್ ಮಾಡಿದ್ಯಾ, ಸಿನಿಮಾ ಪೋಸ್ಟರ್ ಮಾಡಿದ್ಯಾ? ಯಾರಿಗೆ ಕುಡಿಸಿ ನೋಡ್ದೆ?" ಎಂದರು. ಲ್ಯಾಬ್ ಪೂರ್ತಿ ನಕ್ಕಿತು.

ಬುದ್ಧಿ ಕಲಿತೆ ಅಂದುಕೊಂಡೆ. ಮಧ್ಯಾಹ್ನ ಅದೇ ಸಿರಪ್ಪನ್ನು ಕ್ಲಾಸಿನೆದುರು ಮಾರಿ ತೋರಿಸಬೇಕಿತ್ತು. "ಇದು ಗಂಟಲಿಗೆ ಸ್ವಲ್ಪ ಹಿತ ಕೊಡಬಹುದು. ಕೆಮ್ಮು ಬಹಳ ಸಲ ತಾನಾಗಿಯೇ ಹೋಗುತ್ತದೆ" ಎಂದೆ. ಮಾರ್ಕೆಟಿಂಗ್ ಕಲಿಸುವ ಸೋಮಪ್ಪ ಸರ್ ತಲೆ ಮೇಲೆ ಕೈ ಇಟ್ಟುಕೊಂಡರು. "ಮತ್ತೆ ನಾನ್ಯಾಕಮ್ಮ ತಗೊಳ್ಲಿ? ಬಿಸಿನೀರು ಕುಡೀತೀನಿ ಬಿಡು!" ಹಿಂದಿನ ಬೆಂಚಿನಿಂದ ಅಮೋಘ್, "ಮಚ್ಚಾ, ಇವಳು ಕಂಪನಿ ಮುಚ್ಸೋಕೆ ಬಂದವಳೆ ಕಣೋ" ಎಂದ. ನಾನೂ ನಕ್ಕೆ. ರೂಮಿಗೆ ಬಂದು ಅತ್ತುಬಿಟ್ಟೆ.

ಬಿಸಿನೆಸ್ ಬಿಟ್ಟು ಬರೀ ಫಾರ್ಮಸಿಗೆ ಹೋಗುವುದಿದ್ದರೆ ಸೋಮವಾರದೊಳಗೆ ಕಾಲೇಜಿಗೆ ಹೇಳಬೇಕು. ಬಿಟ್ಟರೆ ಮತ್ತೆ ಸೇರಿಸಿಕೊಳ್ಳುವುದಿಲ್ಲ. ಮಾರ್ಕ್ಸ್ ಹೇಗೋ ಬರುತ್ತವೆ ಮಾವ. ಎರಡನ್ನೂ ಓದಿ ನಾನು ಎಂಥವಳಾಗುತ್ತೇನೋ ಎಂಬುದೇ ಭಯ.

ನಿಮ್ಮನ್ನು ಯಾವತ್ತೂ ಕೇಳದ ಒಂದು ಮಾತಿದೆ. ಚಿಕ್ಕವಳಿದ್ದಾಗ ಒಂದು ರಜೆಯಲ್ಲಿ ನಿಮ್ಮ ಮನೆಯಲ್ಲಿ ನನಗೆ ಜ್ವರ ಬಂದಿತ್ತು. ನಿಮ್ಮ ಬ್ಯಾಗಿನ ತುಂಬ ನಿಮ್ಮ ಕಂಪನಿಯ ಸ್ಯಾಂಪಲ್ಲುಗಳು, ಜ್ವರದ್ದೂ ಇತ್ತು. ಬ್ಯಾಗ್ ತೆರೆದಿರಿ, ನೋಡಿದಿರಿ, ಮುಚ್ಚಿದಿರಿ. ಚಪ್ಪಲಿ ಮೆಟ್ಟಿಕೊಂಡು ಮೂಲೆಯ ಮೆಡಿಕಲ್ ಶಾಪಿನಿಂದ ಬೇರೆ ಕಂಪನಿಯ ಮಾತ್ರೆ ತಂದುಕೊಟ್ಟಿರಿ. ಮರುದಿನ ಶರ್ಟ್ ಇನ್ ಮಾಡಿಕೊಂಡು ಅದೇ ಬ್ಯಾಗ್ ಹಿಡಿದು ಹೊರಟಿರಿ. ಆ ದಿನ ಡಾಕ್ಟರುಗಳಿಗೆ ಏನು ಹೇಳಿದಿರಿ ಮಾವ?

ಕಾರಣ ಸಣ್ಣದಿರಬಹುದು, ಮಕ್ಕಳ ಡೋಸ್ ಇರಲಿಲ್ಲವೇನೋ. ನಾನು ದೂರುತ್ತಿಲ್ಲ. ಪ್ರತಿ ಹಬ್ಬಕ್ಕೂ ನನ್ನ ಹಾಸ್ಟೆಲಿಗೆ ಹೊಸ ಬಟ್ಟೆ ಬಂದದ್ದು ಆ ಕೆಲಸದಿಂದಲೇ. ಆದರೆ ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು ಹೇಳಿಕೊಂಡೂ ರಾತ್ರಿ ನಿದ್ದೆ ಬರುತ್ತದೆಯೇ ಎಂದು ನಿಮ್ಮನ್ನಲ್ಲದೆ ಯಾರನ್ನು ಕೇಳಲಿ? ಡಾಕ್ಟರಿಗೆ ಹೇಳುವ ಹಾಗೆ ಹೇಳಬೇಡಿ. ಜ್ವರ ಬಂದ ಹುಡುಗಿಗೆ ಹೇಳುವ ಹಾಗೆ ಹೇಳಿ. ಬಿಡು ಎಂದರೂ ಸರಿ, ಓದು ಎಂದರೂ ಸರಿ.

ಬಿಸಿಲಲ್ಲಿ ಗಾಡಿ ಓಡಿಸುವಾಗ ನೀರು ಕುಡಿಯುತ್ತಿರಿ. ನಿಮ್ಮ ಮಂಡಿನೋವು ಬೇಗ ಕಡಿಮೆಯಾಗಲಿ.

ನಿಮ್ಮ ಅಕ್ಕನ ಮಗಳು,
ಅನಘಾ

ಸೋಮವಾರಕ್ಕೆ ಮುಂಚೆ ಉತ್ತರ ಬರೆಯಿರಿ ಮಾವ, ದಯವಿಟ್ಟು.