ಅಕ್ಕನ ಪೆನ್ಸಿಲ್ ಅಂಕಿಗಳು

ಅಚ್ಚಿನ ಮನೆಯಿಂದ
ಮಾರ್ಚ್ ೨೨, ಶನಿವಾರ ಮಧ್ಯಾಹ್ನ

ಪ್ರೀತಿಯ ಅಕ್ಕನಿಗೆ ನಿನ್ನ ಹಿಂದೆ ಹಿಂದೆಯೇ ಸುತ್ತುತ್ತಿದ್ದ ಬಾಲ ಮಾಡುವ ನಮಸ್ಕಾರ.

ನವೆಂಬರಿನಲ್ಲಿ ನೀನು ಬರೆದ ಪತ್ರಕ್ಕೆ ಮಾರ್ಚಿನಲ್ಲಿ ಉತ್ತರ ಬರೆಯುತ್ತಿದ್ದೇನೆ. ಬೈಯುವುದಿದ್ದರೆ ಪೂರ್ತಿ ಓದಿದ ಮೇಲೆ ಬೈ. ಬಲಗಣ್ಣಿನ ಪೊರೆ ತೆಗೆಸಿಕೊಂಡೆ. ಒಂದು ತಿಂಗಳು ಅಕ್ಷರದ ಕಡೆ ತಿರುಗಿಯೂ ನೋಡಬಾರದು ಎಂದರು ಡಾಕ್ಟರು. ಅಕ್ಷರ ತಿಂದೇ ಬದುಕುವವಳಿಗೆ ಉಪವಾಸ ಹಾಕಿದ ಹಾಗಾಯಿತು. ಆಮೇಲಿನ ಮೂರು ತಿಂಗಳು ಎಲ್ಲಿ ಹೋದವು ಎಂಬುದಕ್ಕೆ ಉತ್ತರ ಜೊತೆಗಿರುವ ಪೊಟ್ಟಣದಲ್ಲಿದೆ. ಅದನ್ನು ಈಗಲೇ ಬಿಚ್ಚಬೇಡ ಎನ್ನುತ್ತಿದ್ದೆ, ಆದರೆ ನಿನ್ನ ಸ್ವಭಾವ ಗೊತ್ತಲ್ಲ, ಆಗಲೇ ಬಿಚ್ಚಿ ಕೂತಿರುತ್ತೀಯ.

ಹೌದು ಅಕ್ಕ, ಅದು ಅಪ್ಪನ ‘ನೆರಳು ಮತ್ತು ಹೊತ್ತು’. ಮತ್ತೆ ಅಚ್ಚಾಗಿದೆ!

ಮೂವತ್ತು ವರ್ಷದಿಂದ ಯಾರ್ಯಾರದೋ ಹಳೆಯ ಗ್ರಂಥಗಳನ್ನು ಹುಡುಕಿ, ಪುಟಗಳ ಫೋಟೋ ತೆಗೆದು, ಕಲೆ ಅಳಿಸಿ, ಈಗಿನವರಿಗೆ ಅರ್ಥವಾಗುವ ಮುನ್ನುಡಿ, ಟಿಪ್ಪಣಿ ಸೇರಿಸಿ ಅಚ್ಚು ಹಾಕುತ್ತಿದ್ದೇನೆ. ಮನೆಯ ಪುಸ್ತಕಕ್ಕೆ ಮಾತ್ರ ಕೈ ಹಚ್ಚಿರಲಿಲ್ಲ. ಕೋಲಿನ ನೆರಳು ಅಳೆದು ಹೊತ್ತು ತಿಳಿಯುವ ಶಾಸ್ತ್ರದ ಮೇಲೆ ಅಪ್ಪ ಹನ್ನೊಂದು ವರ್ಷ ಜೀವ ತೇದು ಬರೆದರು. ಅದು ಹೊರಬಂದ ತಿಂಗಳಲ್ಲೇ ಒಬ್ಬ ವಿಮರ್ಶಕ “ಈ ಲೇಖಕರ ಊರಿನಲ್ಲಿ ಬೇರೆಯೇ ಸೂರ್ಯ ಹುಟ್ಟುತ್ತಾನೆಂದು ಕಾಣುತ್ತದೆ” ಎಂದು ಬರೆದುಬಿಟ್ಟ. ಕೊನೆಯಲ್ಲಿದ್ದ ಕೋಷ್ಟಕಗಳ ಒಂದಂಕಿಯೂ ನಮ್ಮ ಊರಿನ ನೆರಳಿಗೆ ಹೊಂದುತ್ತಿರಲಿಲ್ಲವಲ್ಲ. ಅಪ್ಪ ಪ್ರತಿಗಳನ್ನೆಲ್ಲ ಕಟ್ಟಿ ಅಟ್ಟಕ್ಕೆ ಹಾಕಿದರು, ಮತ್ತೆ ಪೆನ್ನು ಹಿಡಿಯಲಿಲ್ಲ. ಅಟ್ಟದಲ್ಲಿದ್ದವನ್ನು ಗೆದ್ದಲು ತಿಂದಿತು. ಉಳಿದದ್ದು ಒಂದೇ ಪ್ರತಿ, ನೀನು ಅಂಚಿನಲ್ಲಿ ಪೆನ್ಸಿಲಿನಿಂದ ತಿದ್ದಿದ್ದು. ಅದು ನನ್ನ ಬಳಿ ಹೇಗೆ ಬಂತು ಎಂದು ಈಗ ಕೇಳಬೇಡ, ಆಮೇಲೆ ಹೇಳುತ್ತೇನೆ.

ನಿನ್ನ ಅಂಕಿಗಳ ಸಮೇತ ತಂದರೆ ಅಪ್ಪನ ಮೇಲಿನ ಆ ನಗೆ ಅಳಿಯುತ್ತದೆ ಎಂಬ ಒಂದೇ ಹಟ ನನಗೆ. ಕಣ್ಣಿಗೆ ಪಟ್ಟಿ ಬೀಳುವ ಹಿಂದಿನ ದಿನ ಪ್ರತಿಯನ್ನು ನಮ್ಮ ಸಾಬೂನಮ್ಮನ ಕೈಗೆ ಕೊಟ್ಟು ಹೋದೆ. ಹಾಗೆಂದು ನಾವಿಟ್ಟ ಹೆಸರು. ಪುಟದ ಫೋಟೋಗಳನ್ನು ಕಂಪ್ಯೂಟರಿನಲ್ಲಿ ತೊಳೆಯುವುದು ಅವಳ ಕೆಲಸ. ಕಾಫಿ ಲೋಟದ ಬಳೆ, ಯಾರೋ ಓದುಗ ಎಳೆದ ಅಡಿಗೆರೆ, ಸತ್ತ ಸೊಳ್ಳೆ, ಯಾವುದನ್ನೂ ಬಿಡುವವಳಲ್ಲ. ಪೆನ್ಸಿಲಿನದ್ದು ಬಿಡು ಎಂದು ಒಂದು ಮಾತು ಹೇಳಲು ನಾನು ಮರೆತೆ.

ಕರಡು ನೇರವಾಗಿ ನಕ್ಷತ್ರ ಮೇಷ್ಟ್ರಿಗೆ ಹೋಯಿತು. ಆಕಾಶದ ಲೆಕ್ಕದಲ್ಲಿ ಅವರ ಮಾತೇ ಕೊನೆ, ಮುನ್ನುಡಿ ಬರೆಯಲು ಒಪ್ಪಿದ್ದರು. ನನ್ನ ಪಟ್ಟಿ ಬಿಚ್ಚಿದ ವಾರ ಕರಡನ್ನು ಹಿಡಿದು ಬಂದು, ಕೂರಲೂ ಇಲ್ಲ.

“ನೋಡಮ್ಮಾ, ನಿಮ್ಮ ತಂದೆ ಮೇಲೆ ನನಗೆ ಗೌರವ ಇದೆ. ಅದಕ್ಕೇ ಹೇಳ್ತಿದೀನಿ, ಇದನ್ನ ಅಚ್ಚು ಹಾಕ್ಬೇಡಿ. ಕೋಷ್ಟಕ ಪೂರ್ತಿ ತಪ್ಪು. ಸತ್ತವರನ್ನ ಎಬ್ಬಿಸಿ ಇನ್ನೊಂದ್ಸಲ ಬೈಸ್ತೀರಾ?”

ಕರಡು ತೆರೆದೆ. ಅಂಚುಗಳೆಲ್ಲ ಹಾಲಿನಂತೆ ಬಿಳಿ!

ಸಾಬೂನಮ್ಮನನ್ನು ಕರೆದೆ. ಬಹುಮಾನ ತೆಗೆದುಕೊಳ್ಳುವವಳ ಹಾಗೆ ಬಂದಳು. “ಅಯ್ಯೋ, ಪ್ರತಿ ಪುಟದಲ್ಲೂ ಪೆನ್ಸಿಲ್ ಗೀಚಾಟ ಅಮ್ಮಾ! ಯಾವ ಮಗು ಕೈಗೆ ಸಿಕ್ಕಿತ್ತೋ ಏನೋ. ಒಂದು ಗೀಟೂ ಉಳಿಸಿಲ್ಲ, ಬೇಕಾದ್ರೆ ಭೂತಗನ್ನಡಿ ಹಿಡಿದು ನೋಡಿ.”

ಗಣೇಶನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದಳು. ತಪ್ಪು ನನ್ನದೇ, ಅವಳನ್ನು ಹೇಗೆ ಬೈಯಲಿ? ಬೀರುವಿನಿಂದ ಮೂಲಪ್ರತಿ ತೆಗೆದು ಮೇಷ್ಟ್ರ ಮುಂದಿಟ್ಟೆ. ಕೊನೆಗೂ ಕೂತರು. ಬೆರಳಿಟ್ಟು ನಿನ್ನ ಅಂಕಿಗಳನ್ನು ಇಪ್ಪತ್ತು ನಿಮಿಷ ನೋಡಿ, “ಪೆನ್ಸಿಲ್ ಯಾರು ಬೇಕಾದ್ರೂ ಹಿಡೀಬಹುದು” ಎಂದರು.

ನನಗೂ ಸಿಟ್ಟು ಬಂತು. “ಕೋಲನ್ನೂ ಯಾರು ಬೇಕಾದ್ರೂ ಹಿಡೀಬಹುದು ಮೇಷ್ಟ್ರೇ. ಊರು ಅದೇ, ಅಂಗಳ ಇದೆ, ಸೂರ್ಯ ಇದಾನೆ. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ?”

ಮರುದಿನ ಡಿಸೆಂಬರ್ ಐದು. ಕಾಗದದ ಲಾರಿ ನಿಲ್ಲುವ ಜಾಗ ಗುಡಿಸಿ, ಹನ್ನೆರಡು ಬೆರಳುದ್ದದ ಕೋಲು ನಿಲ್ಲಿಸಿದೆವು. ಮೇಷ್ಟ್ರು ಕೊಡೆ ಬಿಚ್ಚಿಕೊಂಡು ಬಂದರು. ಕೊಡೆಯ ನೆರಳು ಕೋಲಿನ ಮೇಲೆ ಬಿದ್ದು, ಬೋಳುತಲೆಯಲ್ಲೇ ಬಿಸಿಲಿಗೆ ನಿಲ್ಲಬೇಕಾಯಿತು. ಆ ದಿನದ ನಡುಹಗಲಿನ ನೆರಳು ಅಪ್ಪನ ಕೋಷ್ಟಕದಲ್ಲಿ ಒಂಬತ್ತು ಬೆರಳು, ನಿನ್ನ ಪೆನ್ಸಿಲಿನಲ್ಲಿ ಹತ್ತೂವರೆ. ಮೇಷ್ಟ್ರು ಮೊಣಕಾಲೂರಿ ತಾವೇ ಅಳೆದರು. ಹತ್ತೂವರೆ! ಅವರು ಕೊಡೆ ಎತ್ತಿಕೊಂಡು ಹೋದರು. ಮರುದಿನ ಮತ್ತೆ ಬಂದರು. ಹೀಗೆ ಹದಿನೆಂಟು ಮಧ್ಯಾಹ್ನ ಬಂದರು, ಅಕ್ಕ. ಒಂದು ದಿನವೂ ನಿನ್ನ ಅಂಕಿ ಅಲುಗಲಿಲ್ಲ.

ಹತ್ತೊಂಬತ್ತನೆಯ ದಿನ ಅವರೇ ಬಿಡಿಸಿ ಹೇಳಿದರು. “ನಿಮ್ಮಪ್ಪನ ಗಣಿತದಲ್ಲಿ ತಪ್ಪಿಲ್ಲಮ್ಮ. ಹಳೇ ಶಾಸ್ತ್ರದ ಮೇಲಿನ ಭಕ್ತಿಗೆ ಅದರ ಕೋಷ್ಟಕ ಹಾಗೇ ಇಳಿಸ್ಕೊಂಡಿದಾರೆ. ಅದನ್ನ ಬರೆದೋನು ಇದ್ದದ್ದು ದಕ್ಷಿಣಕ್ಕೆ ಎಷ್ಟೋ ದಿನದ ದಾರಿ. ಊರು ಬದಲಾದ್ರೆ ನೆರಳೂ ಬದಲಾಗುತ್ತೆ. ಸೂರ್ಯ ಒಬ್ಬನೇ, ಊರು ಬೇರೆ. ಇದನ್ನ ಕಂಡುಹಿಡಿದದ್ದು ಯಾರು?”

“ನಮ್ಮಕ್ಕ. ಆಗ ಹದಿನೇಳು ವರ್ಷ.”

“ವರ್ಷಪೂರ್ತಿ ಮಧ್ಯಾಹ್ನ ನಿಂತಳಾ?”

“ಮೋಡ ಇದ್ದ ದಿನ ಮೋಡಾನ ಬೈಕೊಂಡು ನಿಂತಿರ್ತಿದ್ಲು. ಟೇಪಿನ ಇನ್ನೊಂದು ತುದಿ ಹಿಡಿದೋಳು ನಾನು.”

ಮೇಷ್ಟ್ರ ಕಣ್ಣಲ್ಲಿ ನೀರು ಬಂತು. ಬಿಸಿಲಿಗೆ ಎಂದರು.

ಸಾಬೂನಮ್ಮ ವಿಷಯ ತಿಳಿದು ಎರಡು ದಿನ ಊಟ ಬಿಟ್ಟಳು. ಆಮೇಲೆ ತೊಳೆಯುವ ಮುಂಚಿನ ಫೋಟೋಗಳನ್ನು ತೆಗೆದು, ನಿನ್ನ ಒಂದೊಂದು ಅಂಕಿಯನ್ನೂ ಕೂದಲೆಳೆ ತಪ್ಪದೆ ಅಂಚಿಗೆ ಮರಳಿ ತಂದಳು. ಅಪ್ಪನ ಅಕ್ಷರ ಕಪ್ಪಿನಲ್ಲಿ, ನಿನ್ನದು ತಿಳಿಬೂದಿಯಲ್ಲಿ ಅಚ್ಚಾಗಿದೆ. ನೀನು ಏಳನ್ನು ಮೊದಲು ತಪ್ಪಾಗಿ ಬರೆದು ರಬ್ಬರಿನಿಂದ ಉಜ್ಜಿದ ಮಸಿಯನ್ನೂ ಈ ಸಲ ಉಳಿಸಿದ್ದಾಳೆ! ಮುಖಪುಟದ ಒಳಗೆ ನೋಡಿದೆಯಾ? ಅಪ್ಪನ ಹೆಸರಿನ ಕೆಳಗೆ “ಕೋಷ್ಟಕಗಳನ್ನು ಅಳೆದು ತಿದ್ದಿದವರು, ಲೇಖಕರ ಹಿರಿಯ ಮಗಳು” ಎಂದು ನಿನ್ನ ಪೂರ್ತಿ ಹೆಸರಿದೆ. ಕೇಳಿದ್ದರೆ ನೀನು ಬೇಡ ಎನ್ನುತ್ತಿದ್ದೆ, ಅದಕ್ಕೇ ಕೇಳಲಿಲ್ಲ.

ಫೆಬ್ರುವರಿಯಲ್ಲಿ ಗ್ರಂಥಾಲಯದ ಸಭಾಂಗಣದಲ್ಲಿ ಬಿಡುಗಡೆಯಾಯಿತು. ಕುರ್ಚಿ ಸಾಲದೆ ಜನ ಕಿಟಕಿಗೆ ಒರಗಿ ನಿಂತರು. ಮೇಷ್ಟ್ರು ಆ ಹಳೆಯ ವಿಮರ್ಶೆಯ ಸಾಲು ಓದಿದರು, ಕೆಲವರು ನಕ್ಕರು. ಆಮೇಲೆ ಕೋಲು, ಕೊಡೆ, ಹದಿನೆಂಟು ಮಧ್ಯಾಹ್ನಗಳ ಕಥೆ ಹೇಳಿ, “ತಪ್ಪಿದ ಪುಸ್ತಕ ನೋಡಿ ನಗೋದಕ್ಕೆ ಒಂದು ನಿಮಿಷ ಸಾಕು. ಈ ಹುಡುಗಿ ಒಂದು ವರ್ಷ ಬಿಸಿಲಲ್ಲಿ ನಿಂತಳು” ಎಂದರು. ಆ ಚಪ್ಪಾಳೆ ನಿನಗೆ ಕೇಳಿಸಬೇಕಿತ್ತು! ಅಪ್ಪನಿಗೆ ಕೇಳಿಸಬೇಕಿತ್ತು. ಮೂರು ವಾರದಲ್ಲಿ ಪ್ರತಿಗಳು ಖಾಲಿ, ಎರಡನೆಯ ಮುದ್ರಣ ಈಗ ಯಂತ್ರದ ಮೇಲಿದೆ, ಅದರ ಸದ್ದಿನಲ್ಲೇ ಇದನ್ನು ಬರೆಯುತ್ತಿದ್ದೇನೆ. ಮನೆ ಕಟ್ಟುವ ಎಂಜಿನಿಯರೊಬ್ಬರು ಕಿಟಕಿಗೆ ಬಿಸಿಲು ಎಷ್ಟು ಬರುತ್ತದೆಂದು ನೋಡಲು ಕೊಂಡರು. ಒಬ್ಬ ಟೀಚರು ತರಗತಿಯ ಮಕ್ಕಳಿಗೆಲ್ಲ ಕೋಲು ಕೊಟ್ಟು ಮೈದಾನಕ್ಕಿಳಿಸಿದ್ದಾರಂತೆ.

ಭಾವನ ಮಂಡಿನೋವು ಹೇಗಿದೆ? ಮೊಮ್ಮಗಳಿಗೆ ನನ್ನ ಆಶೀರ್ವಾದ ಹೇಳು, ಅವಳಿಗೂ ಒಂದು ಕೋಲು ಕೊಡು, ನಿನ್ನ ಹಾಗೆ ಹಟಮಾರಿಯಾಗಿ ನೂರು ಕಾಲ ಬಾಳಲಿ. ನಿನ್ನ ಆಶೀರ್ವಾದ ನನ್ನ ಮೇಲಿರಲಿ. ಈ ಪತ್ರ ಮುಗಿಯುವವರೆಗಾದರೂ ಇರಲಿ.

ಇಂತಿ ನಿನ್ನ ಟೇಪು ಹಿಡಿದ
ಬಾಲ

ಮರೆತ ಮಾತು: ಮರೆತದ್ದಲ್ಲ ಅಕ್ಕ, ನಲವತ್ತೆಂಟು ವರ್ಷದಿಂದ ಗಂಟಲಲ್ಲಿ ಇಟ್ಟುಕೊಂಡದ್ದು. ತಿದ್ದಿ ಮುಗಿಸಿದ ದಿನ ನೀನು ಪುಸ್ತಕ ನನ್ನ ಕೈಗೆ ಕೊಟ್ಟು, “ನಾನೇ ಕೊಟ್ರೆ ಅಪ್ಪನ ತಪ್ಪು ಹಿಡಿದ ಹಾಗಾಗುತ್ತೆ, ನೀನು ಮೇಜಿನ ಮೇಲೆ ಇಟ್ಟುಬಿಡು” ಎಂದೆ. ಅಪ್ಪನ ಕೋಣೆಯ ಬಾಗಿಲು ಹಾಕಿತ್ತು. ನನಗೆ ಒಂಬತ್ತು ವರ್ಷ, ಹೆದರಿದೆ. ನಾಳೆ ಇಟ್ಟರಾಯಿತೆಂದು ನನ್ನ ಟ್ರಂಕಿನಲ್ಲಿ ಲಂಗಗಳ ಅಡಿಗೆ ಹಾಕಿದೆ. ಬೆಳಿಗ್ಗೆ ನೀನು “ಇಟ್ಟೆಯಾ?” ಎಂದೆ, “ಹೂಂ” ಎಂದೆ ನಾನು. “ಏನಂದ್ರು?” ಎಂದು ಮತ್ತೆ ನೀನು ಕೇಳಿದೆ. “ಏನೂ ಅನ್ನಲಿಲ್ಲ” ಎಂದೆ ನಾನು. ಆ ಒಂದು ಮಾತಿನ ಮೇಲೆ ನೀನು ಮನೆ ಬಿಟ್ಟು ದೂರದ ಕೆಲಸಕ್ಕೆ ಹೋದೆ. ಅಪ್ಪ ಹೋದಾಗ ಬಂದರೂ ಹೊಸಿಲು ದಾಟಲಿಲ್ಲ. ಹೇಳಲು ತಡವಾದಷ್ಟೂ ಹೇಳುವುದು ಕಷ್ಟವಾಯಿತು. ಮೂಲಪ್ರತಿ ಪೊಟ್ಟಣದ ತಳದಲ್ಲಿದೆ, ಅದು ನಿನ್ನದು. ಇನ್ನೊಂದು ವಿಷಯ ನಿನಗೆ ಗೊತ್ತಾಗಬೇಕು. ಅಪ್ಪ ಕೊನೆಯ ವಾರ ನನ್ನನ್ನು ಹತ್ತಿರ ಕರೆದರು. ಟ್ರಂಕು ಪಕ್ಕದ ಕೋಣೆಯಲ್ಲೇ ಇತ್ತು, ಆಗಲೂ ನನಗೆ ಬಾಯಿ ಬರಲಿಲ್ಲ. ಅವರು ಕೇಳಿದ್ದು ಇಷ್ಟೇ: “ನಿಮ್ಮಕ್ಕ ಅಂಗಳದಲ್ಲಿ ಕೋಲು ನೆಟ್ಟು ವರ್ಷಪೂರ್ತಿ ಏನೋ ಅಳೀತಿದ್ಲಲ್ಲ, ಕಿಟಕಿಯಿಂದ ದಿನಾ ನೋಡ್ತಿದ್ದೆ. ತೋರಿಸ್ತಾಳೆ ಅಂತ ಕಾದೆ. ಯಾಕಮ್ಮಾ ತೋರಿಸಲಿಲ್ಲ?”